ಹಾದಿ ಹೇಳುವ ಇನ್ನೊಬ್ಬಳು

ನನ್ನ ಮಗ ಬಾಡಿಗೆ ಕಾರು ಓಡಿಸುತ್ತಾನೆ. ಮನೆ ಕುಬಿಹಾಳದಲ್ಲಿ, ಗಾಡಿ ನಿಲ್ಲುವುದು ಕುಂದಗೋಳದ ಬಸ್ ಸ್ಟ್ಯಾಂಡಿನ ಹತ್ತಿರ. ದವಾಖಾನೆಗೆ, ಲಗ್ನಕ್ಕೆ, ಕನ್ಯೆ ನೋಡುವುದಕ್ಕೆ ಅಂತ ಜನ ಕರೆಯುತ್ತಾರೆ. ಗಾಡಿ ತಂದ ಮೊದಲ ನಾಲ್ಕು ವರ್ಷ, ಅವನಿಗೆ ಗೊತ್ತಿಲ್ಲದ ಊರಿನ ಬಾಡಿಗೆ ಬಂದರೆ ಅವನ ಬಾಜೂಕಿನ ಸೀಟಿನಲ್ಲಿ ನಾನು ಕೂರುತ್ತಿದ್ದೆ. ಹಾದಿ ಹೇಳುವುದು ನನ್ನ ಕೆಲಸ. ಆಮೇಲೆ ಆ ಕೆಲಸಕ್ಕೆ ಇನ್ನೊಬ್ಬಳು ಬಂದಳು. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಉರಿಯಲ್ಲಿ ನಾನೊಂದು ಕೆಟ್ಟ ಕೆಲಸ ಮಾಡಿದೆ.

ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಊರಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಗಾಡಿ ಆ ಊರನ್ನು ದಾಟಿರುತ್ತದೆ. ಆದರೆ ಮೂವತ್ತು ವರ್ಷ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಕೂಲಿಗೆ ತಿರುಗಿದ್ದೇನೆ. ಹತ್ತಿ ಬಿಡಿಸುವುದಕ್ಕೆ ನವಲಗುಂದ, ಅಣ್ಣಿಗೇರಿ ಕಡೆ. ಮೆಣಸಿನಕಾಯಿ ಬಿಡಿಸುವುದಕ್ಕೆ ನಮ್ಮ ತಾಲೂಕಿನಲ್ಲೇ. ಮಳೆಗಾಲದಲ್ಲಿ ಭತ್ತದ ಸಸಿ ಹಚ್ಚುವುದಕ್ಕೆ ಕಲಘಟಗಿ ಕಡೆ. ಹನ್ನೆರಡು ಹೆಂಗಸರ ಮುಂದೆ ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು ನಡೆಯುತ್ತಿದ್ದವಳು ನಾನೇ. ಬಸ್ಸು ಇಳಿಸಿದ ಜಾಗದಿಂದ ಹೊಲದ ತನಕ ಯಾವ ಬದು ಹಿಡಿದರೆ ಬಿಸಿಲೇರುವ ಮೊದಲು ಮುಟ್ಟುತ್ತೇವೆ, ಯಾವ ಹಳ್ಳ ಯಾವ ತಿಂಗಳಲ್ಲಿ ಮೊಣಕಾಲಿಗೆ ಬರುತ್ತದೆ, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ, ಎಲ್ಲ ಕಾಲಿಗೆ ಗೊತ್ತು.

ಕನ್ಯೆ ನೋಡಲು ಹೋಗುವವರಂತೂ ನನ್ನನ್ನು ಕೇಳಿಯೇ ಕರೆಯುತ್ತಿದ್ದರು.

"ನಿಮ್ಮವ್ವನ್ನ ಕರಕೊಂಡ ಬಾರಪಾ. ಆಕಿ ಹಾದಿನೂ ಹೇಳತಾಳ, ಆ ಮನಿ ಎಂಥಾದ್ದು ಅನ್ನೂದೂ ಹೇಳತಾಳ."

ಹೇಳುತ್ತಿದ್ದೆ. ಯಾವ ಮನೆಯವರು ಆಳುಗಳಿಗೆ ಮಜ್ಜಿಗೆ ಕೊಡುತ್ತಿದ್ದರು, ಯಾವ ಮನೆಯವರು ಕುಡಿಯುವ ನೀರಿಗೂ ಮುಖ ಗಂಟು ಹಾಕುತ್ತಿದ್ದರು, ಅದು ನನ್ನಷ್ಟು ಯಾರಿಗೆ ಗೊತ್ತು? ಎರಡು ಸಂಬಂಧ ನನ್ನ ಮಾತಿನಿಂದ ಮುರಿದಿವೆ. ಮುರಿದದ್ದು ಒಳ್ಳೆಯದೇ ಆಯಿತು.

ಇನ್ನೊಂದು ಮಾತು ಹೇಳಬೇಕು. ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನಮ್ಮ ಕಡೆ ನನ್ನಂಥವರು ಶುಭ ಕಾರ್ಯದಲ್ಲಿ ಆರತಿ ಹಿಡಿಯುವುದಿಲ್ಲ, ಉಡಿ ತುಂಬುವುದಿಲ್ಲ, ಅರಿಶಿನದ ಬಟ್ಟಲು ಮುಟ್ಟುವುದಿಲ್ಲ. ಗೋಡೆಗೆ ಆತು ಕೂತು, ಎಲ್ಲ ಮುಗಿದ ಮೇಲೆ ಊಟ ಮಾಡಿ ಎದ್ದು ಬರಬೇಕು. ಅದರ ಬಗ್ಗೆ ಅಳುವವಳಲ್ಲ ನಾನು. ಆದರೆ ಗಾಡಿ ಬಂದ ಮೇಲೆ ಯಾವ ಕಾರ್ಯವಿದ್ದರೂ ನನಗೊಂದು ಕೆಲಸ ಸಿಕ್ಕಿತ್ತು. ಆರತಿ ಹಿಡಿಯುವವರೆಲ್ಲ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು, ನಾನು ಮುಂದೆ. ನಾನು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಮಗ ಒಂದು ಸಲವೂ ತಿರುಗಿ ಕೇಳುತ್ತಿರಲಿಲ್ಲ.

ಅವಳು ಬಂದದ್ದು ಸೊಸೆಯಿಂದ. ಸೊಸೆಯ ತಮ್ಮ ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ಒಂದು ಹಳೆಯ ಟ್ಯಾಬ್ ಇತ್ತು, ಮೂಲೆಯಲ್ಲಿ ಗಾಜು ಸೀಳಿದ್ದು. ಮಗನ ಫೋನಿಗೆ ಬಾಡಿಗೆಯವರ ಕರೆ ಬಂದಾಗಲೆಲ್ಲ ಅದರಲ್ಲಿನ ನಕ್ಷೆ ಮರೆಯಾಗುತ್ತದಂತೆ, ಅದಕ್ಕೆ ಹಾದಿಗೆಂದೇ ಬೇರೆ ಒಂದು ಇರಲಿ ಎಂದು ಕೊಟ್ಟ. ನೆಟ್ ಸಿಗದ ಕಡೆಯೂ ನಡೆಯಲಿ ಎಂದು ಜಿಲ್ಲೆಯ ನಕ್ಷೆಯನ್ನೆಲ್ಲ ಅದರೊಳಗೆ ಇಳಿಸಿಕೊಟ್ಟ. ಸಟ್ಟುಗದಷ್ಟು ದಪ್ಪವೂ ಇಲ್ಲ. ಅದರೊಳಗೆ ನವಲಗುಂದದಿಂದ ಕಲಘಟಗಿ ತನಕ ಎಲ್ಲ ಇದೆ ಅಂತ ಸೊಸೆ ತೋರಿಸಿದಳು.

ಮಗ ಅದನ್ನು ರಬ್ಬರಿನ ಬಟ್ಟಲಿದ್ದ ಒಂದು ಸ್ಟ್ಯಾಂಡಿನಲ್ಲಿಟ್ಟು ಮುಂದಿನ ಗಾಜಿಗೆ ಒತ್ತಿದ. ನನ್ನ ಕಣ್ಣ ಮುಂದೆಯೇ. ಅದರ ಚಾರ್ಜಿನ ವಾಯರು ನನ್ನ ಮೊಣಕಾಲ ಮೇಲೆ ಹಾದು ಹೋಗುತ್ತಿತ್ತು.

"ಯವ್ವಾ, ಇನ್ನ ನಿನಗ ತ್ರಾಸಿಲ್ಲ ನೋಡು," ಅಂದ.

"ನಾ ಯಾವಾಗ ತ್ರಾಸ ಅಂದಿದ್ನಿ?"

ಅವನು ಉತ್ತರ ಕೊಡುವ ಮೊದಲೇ ಅದು ಬಾಯಿ ತೆರೆಯಿತು. ಹೆಣ್ಣಿನ ದನಿ. "ಇನ್ನೂರು ಮೀಟರ್‌ಗಳಲ್ಲಿ ಬಲಕ್ಕೆ ತಿರುಗಿ."

"ಯಾರ ಮನ್ಯಾಕಿಲೇ ಈಕಿ?" ಅಂದೆ.

"ಯಾರೂ ಅಲ್ಲ ಬೇ, ಮಷೀನು."

"ಮಷೀನಿಗೆ ಇಷ್ಟ ಚಂದ ದನಿ ಯಾಕ ಬೇಕಾಗಿತ್ತು?"

ಸೊಸೆ ಹಿಂದೆ ಕೂತು ನಕ್ಕಳು. ನನಗೆ ನಗು ಬರಲಿಲ್ಲ. ಆ ದನಿಯಲ್ಲಿ ದಣಿವಿರಲಿಲ್ಲ, ಸಿಟ್ಟಿರಲಿಲ್ಲ. ಮಗ ಹಾದಿ ತಪ್ಪಿದರೂ ಬಯ್ಯುತ್ತಿರಲಿಲ್ಲ, ಮತ್ತೆ ಹೊಸದಾಗಿ ಹೇಳುತ್ತಿದ್ದಳು. ನಾನಾಗಿದ್ದರೆ "ಕಣ್ಣ ಎಲ್ಲಿ ಇಟ್ಟೀಯೋ" ಅಂತ ಒಂದು ಕೊಡುತ್ತಿದ್ದೆ. ಮೊದಲ ವಾರದಲ್ಲೇ ನನಗೆ ತಿಳಿಯಿತು, ಅವನು ಅವಳ ಮಾತು ಕೇಳುವಾಗ ಮುಖ ಬೇರೆ ಇರುತ್ತದೆ, ನನ್ನ ಮಾತು ಕೇಳುವಾಗಿನ ಮುಖ ಬೇರೆ.

ಒಂದು ಸಲ ಕನ್ಯೆ ನೋಡುವವರನ್ನು ಕರೆದುಕೊಂಡು ನವಲಗುಂದದ ಆಚೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ವರನ ಕಾಕಾ, ಮೀಸೆಯ ಮನುಷ್ಯ. ಊರು ದಾಟಿದ ಮೇಲೆ ನಾನು ಹೇಳಿದೆ, "ಮುಂದ ದೊಡ್ಡ ಬೇವಿನ ಗಿಡ ಬರತೈತಿ, ಅಲ್ಲಿ ಎಡಕ್ಕ ಹೊಳ್ಳು."

ಅವಳು ಹೇಳಿದಳು, "ನೇರವಾಗಿ ಮುಂದುವರಿಯಿರಿ."

ಮಗ ನನ್ನನ್ನು ನೋಡಿದ, ಅವಳನ್ನು ನೋಡಿದ. ನಾನು ಗಟ್ಟಿಯಾಗಿ, "ಎಡಕ್ಕ ಅಂದ್ನಿ," ಅಂದೆ. ನನ್ನ ಮಾತಿಗೆ ಗಾಡಿ ನಿಧಾನ ಮಾಡಿ ಗಿಡಕ್ಕಾಗಿ ನೋಡುತ್ತ ಹೋದ. ಗಿಡ ಬರಲಿಲ್ಲ. ಎರಡು ಮೈಲಿ ಹೋದರೂ ಬರಲಿಲ್ಲ. ಹಿಂದಿನಿಂದ ಆ ಕಾಕಾ ಹೊಟ್ಟೆ ಅಲುಗಾಡುವಂತೆ ನಕ್ಕ.

"ಆಯೀ, ಆ ಬೇವಿನ ಗಿಡ ರಸ್ತೆ ಅಗಲ ಮಾಡೂ ಮುಂದ ಕಡದು ಹತ್ತ ವರ್ಷ ಆತ್ರಿ. ಅದರ ಕಟಗಿ ನಮ್ಮ ಮನಿ ಬಾಗಲಾ ಆಗೇತಿ."

ಮಗನೂ ನಕ್ಕ. ಅದೇ ನನ್ನ ಮನಸ್ಸಿಗೆ ಹತ್ತಿತು. ಆ ಮೀಸೆಯವ ನಕ್ಕರೆ ನಗಲಿ. ಅಂದಿನಿಂದ ಬಾಡಿಗೆಯವರು ನನ್ನನ್ನು ಕೇಳುವುದು ಕಡಿಮೆಯಾಯಿತು. ಹೆಚ್ಚು ಜನ ಇದ್ದರೆ, "ಯವ್ವಾ, ಇವತ್ತ ನೀ ಮನ್ಯಾಗ ಇರು, ಸೀಟ ಸಾಲೂದಿಲ್ಲ," ಅನ್ನುತ್ತಿದ್ದ. ಮೊದಲು ಇದೇ ಗಾಡಿಯಲ್ಲಿ ಸೀಟು ಸಾಲುತ್ತಿತ್ತು.

ನಾನು ಏನೇನು ಮಾಡಿದೆ ಎಂದು ಮುಚ್ಚಿಡುವುದಿಲ್ಲ. ಮೊಣಕಾಲು ಸರಿಸುವ ನೆಪದಲ್ಲಿ ವಾಯರು ಕಿತ್ತಿದ್ದೇನೆ. ಸೆರಗಿನ ಮರೆಯಲ್ಲಿ ಹೆಬ್ಬೆರಳಿಂದ ಅವಳ ದನಿ ಸಣ್ಣದು ಮಾಡಿದ್ದೇನೆ. ಬೇಸಿಗೆಯಲ್ಲಿ ಬಿಸಿಲಿಗೆ ರಬ್ಬರು ಮೆತ್ತಗಾಗಿ ಸ್ಟ್ಯಾಂಡು ಕಳಚಿ ಬಿದ್ದಾಗ ಬಾಯಿಬಿಟ್ಟು "ಭಾಳ ಚಲೋ ಆತು" ಅಂದಿದ್ದೇನೆ. ಅದರ ಫಲ ನನಗೇ ಸಿಕ್ಕಿತು. ಸ್ಟ್ಯಾಂಡು ಮುರಿದಿದ್ದಕ್ಕೆ, ಹೊಸದು ತರುವ ತನಕ ಅವಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವ ಕೆಲಸ ನನ್ನದಾಯಿತು. "ಸ್ವಲ್ಪ ಎತ್ತಿ ಹಿಡಿ ಬೇ, ಕಾಣವಲ್ದು," ಅನ್ನುತ್ತಿದ್ದ ಮಗ. ನನ್ನ ಕೆಲಸ ಕಸಿದುಕೊಂಡವಳನ್ನು ನಾನೇ ಎರಡೂ ಕೈಯಲ್ಲಿ ಎತ್ತಿ ಹಿಡಿದು ಅವನಿಗೆ ತೋರಿಸಬೇಕು. ಅವಳ ಮೈ ಬೆಚ್ಚಗೆ ನನ್ನ ತೊಡೆಗೆ ತಾಗುತ್ತಿತ್ತು.

ಹೀಗಿರುವಾಗಲೇ, ಶ್ರಾವಣ ಮುಗಿದ ಮೇಲೆ, ಮೊಮ್ಮಗಳ ಕುಬಸ ಬಂತು.

ಮೊಮ್ಮಗಳನ್ನು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಗೆ ಕೊಟ್ಟಿದ್ದೇವೆ. ಮೊದಲ ಬಸಿರು, ಏಳು ತಿಂಗಳು. ಕುಬಸ ಎಂದರೆ ತವರಿನವರು ಬಸುರಿಗೆ ಹಸಿರು ಸೀರೆ, ಕುಬಸದ ಖಣ, ಬಳೆ, ಹೋಳಿಗೆ, ಬುತ್ತಿ ಎಲ್ಲ ಹೊತ್ತುಕೊಂಡು ಹೋಗುವುದು. ನಮ್ಮಲ್ಲಿ ಅವಳ ಮೈಮೇಲೆ ಮೊದಲು ಏರುವುದು ತವರಿನ ಸೀರೆ. ಆಮೇಲೆ ಬೇಕಾದವರದು. ಸೊಸೆ ಎರಡು ತಿಂಗಳು ಅಂಗಡಿ ಅಂಗಡಿ ತಿರುಗಿ ಆ ಸೀರೆ ಆರಿಸಿದ್ದಳು. ಖಣದ ಕುಬಸವನ್ನು, ಅಂದರೆ ರವಿಕೆಯನ್ನು, ತಾನೇ ಹೊಲಿದಿದ್ದಳು. ಹನ್ನೆರಡರ ಒಳಗೆ ಸೀರೆ ಉಡಿಸಬೇಕು, ಆಮೇಲೆ ವೇಳೆ ಸರಿಯಿಲ್ಲ ಎಂದು ಬೀಗರ ಊರಿನ ಅಯ್ಯನವರು ಹೇಳಿದ್ದರು.

ಏಳೂವರೆಗೆ ಮನೆ ಬಿಟ್ಟೆವು. ಮಗ, ಅವನ ಬಾಜೂಕಿಗೆ ನಾನು, ನನ್ನ ತೊಡೆಯ ಮೇಲೆ ಅವಳು. ಹಿಂದೆ ಸೊಸೆ ಮತ್ತು ಆರತಿಗೆಂದು ನೆರೆಮನೆಯ ಇಬ್ಬರು ಮುತ್ತೈದೆಯರು. ಬುತ್ತಿಯ ಬುಟ್ಟಿಗಳು ಡಿಕ್ಕಿಯಲ್ಲಿ ತುಂಬಿ, ಉಳಿದವು ಅವರ ಕಾಲ ಸಂದಿಯಲ್ಲಿ. ಹುಬ್ಬಳ್ಳಿ ದಾಟುವ ತನಕ ಸುಖವಾಗಿ ಹೋದೆವು.

ಕಲಘಟಗಿ ಕಡೆ ಹೋಗುವಾಗ ಒಂದು ಸಣ್ಣ ಸೇತುವೆ. ಅದನ್ನು ರಿಪೇರಿಗೆಂದು ಕಿತ್ತಿದ್ದರು. ಅಡ್ಡಲಾಗಿ ಕಲ್ಲು, ಜಾಲಿಯ ಮುಳ್ಳು ಹಾಕಿದ್ದರು. ಮಗ ಬಮ್ಮಿಗಟ್ಟಿಗೆ ನಾಲ್ಕೈದು ಸಲ ಬಂದಿದ್ದಾನೆ, ಆದರೆ ಬರೀ ಆ ದೊಡ್ಡ ರಸ್ತೆಯಲ್ಲೇ. ಗಾಡಿ ನಿಲ್ಲಿಸಿದ. ಬೆರಳಿಟ್ಟು ಅವಳಿಗೆ ಬೇರೆ ಹಾದಿ ಕೇಳಿದ. ನನ್ನ ತೊಡೆಯ ಮೇಲಿನ ಗಾಜಿನಲ್ಲಿ ಒಂದು ಚಕ್ರ ತಿರುಗಿ ತಿರುಗಿ ನಿಂತಿತು. ಅವಳು ಹೇಳಿದಳು, "ಹಿಂತಿರುಗಿ, ನಂತರ ಎಡಕ್ಕೆ ತಿರುಗಿ."

ಎಡಕ್ಕಿದ್ದ ಆ ಕಚ್ಚಾ ಹಾದಿ ನನಗೆ ಗೊತ್ತು. ಹನ್ನೆರಡು ವರ್ಷ ಮಳೆಗಾಲದಲ್ಲಿ ಆ ಕಡೆಯ ಗದ್ದೆಗಳಲ್ಲಿ ಸಸಿ ಹಚ್ಚಿದ್ದೇನೆ. ಆ ಹಾದಿ ಸೀದಾ ಕೆರೆಯ ಕೋಡಿಗೆ ಹೋಗುತ್ತದೆ. ಶ್ರಾವಣದಲ್ಲಿ ಕೆರೆ ತುಂಬಿದರೆ ಹೆಚ್ಚಾದ ನೀರು ಅದೇ ಹಾದಿಯ ಮೇಲೆ ಹರಿಯುತ್ತದೆ. ನೀರು ನಿಂತ ಮೇಲೆ ಮಣ್ಣು ಮೇಲಿಂದ ಒಣಗಿ ಬಿಳಿಚಿಕೊಂಡು ಒಳ್ಳೆಯ ರಸ್ತೆಯ ಹಾಗೆ ಕಾಣುತ್ತದೆ, ಒಳಗೆ ಗಂಜಿ. ಎತ್ತುಗಳೂ ಅಲ್ಲಿ ಕಾಲಿಡುವುದಿಲ್ಲ. ಅರ್ಧ ಮೈಲಿ ಹಿಂದೆ ಹೋಗಿ ಸಾಲೆಯ ಹಿಂದಿನ ಹಾದಿ ಹಿಡಿದರೆ ಸುತ್ತಾದರೂ ಗಟ್ಟಿ ನೆಲ.

ಮಗ ನನ್ನ ಕಡೆ ತಿರುಗಿದ. "ಯವ್ವಾ, ಎಡಕ್ಕ ಅನ್ನಾಕತ್ತಾಳ. ಈ ಹಾದಿ ನಿನಗ ಗೊತ್ತೇನು?"

ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ಕೇಳಿದ್ದು. ಆಗ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಕಂಡದ್ದು ಬೇರೆ. ಇಂದು ಇವಳ ಮಾನ ಹೋಗಲಿ, ಹಿಂದೆ ಕೂತವರೆಲ್ಲ ನೋಡಲಿ, ಮೀಸೆಯವನ ಮುಂದೆ ನಾನು ಕೂತ ಹಾಗೆ ಇವಳೂ ಕೂರಲಿ ಅನ್ನಿಸಿತು. ಸ್ವಲ್ಪ ಹೊತ್ತು ಸಿಕ್ಕಿಕೊಳ್ಳುತ್ತದೆ, ನಾಲ್ಕು ಜನ ನೂಕಿದರೆ ಹೊರಗೆ ಬರುತ್ತದೆ, ಆಮೇಲೆ ನಾನು ಸಾಲೆಯ ಹಾದಿ ತೋರಿಸುತ್ತೇನೆ ಎಂದುಕೊಂಡೆ.

"ಆಕಿ ಹೇಳಾಕತ್ತಾಳಲ್ಲ, ಹೋಗು," ಅಂದೆ.

ಹೋದ. ಮುಂದಿನ ಗಾಲಿ ಮೊದಲು ಇಳಿಯಿತು, ಆಮೇಲೆ ಹಿಂದಿನದು. ಮಗ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಕೆಳಗೆ ಕೂತಿತು. ಬಾಗಿಲು ತೆರೆದರೆ ಕೆಸರಿನ ರಾಡಿ ಕಾಲಿಡುವ ಮಟ್ಟಕ್ಕೇ ಬಂದಿತ್ತು. ಅವಳು ಮಾತ್ರ ನನ್ನ ತೊಡೆಯ ಮೇಲಿಂದ, "ಎಂಟು ನೂರು ಮೀಟರ್ ನೇರವಾಗಿ ಮುಂದುವರಿಯಿರಿ," ಅನ್ನುತ್ತಲೇ ಇದ್ದಳು.

ಎಲ್ಲರೂ ಇಳಿದೆವು. ಜರಿಯ ಸೀರೆಯ ಮುತ್ತೈದೆಯರು ನಿರಿಗೆ ಮೊಣಕಾಲಿಗೆ ಎತ್ತಿ ನೂಕಿದರು. ಗಾಡಿ ಅಲ್ಲಾಡಲಿಲ್ಲ. ಒಬ್ಬಾಕೆಯ ಚಪ್ಪಲಿ ರಾಡಿಯೊಳಗೆ ಹೋದದ್ದು ಮತ್ತೆ ಬರಲೇ ಇಲ್ಲ. ಹತ್ತೂವರೆಯಾಯಿತು. ಬೀಗತಿ ಫೋನು ಮಾಡಿದಳು.

"ಎಲ್ಲೀತನಾ ಬಂದ್ರಿ? ಅಯ್ಯನಾರು ಬಂದು ಕುಂತಾರ."

"ಬಂದ್ವಿ ಬಂದ್ವಿ, ಇಲ್ಲೇ ಅದೀವಿ," ಅಂದಳು ಸೊಸೆ. ಫೋನು ಇಟ್ಟು ಗಂಡನ ಮೇಲೆ ಹಾಯ್ದಳು. ಮಗ ಅವಳ ತಮ್ಮ ಕೊಟ್ಟ ಮಷೀನನ್ನು ಬಯ್ದ. ಸುಳ್ಳು ಯಾಕೆ, ಅದನ್ನು ಕೇಳಿ ನನಗೆ ಹಾಲು ಕುಡಿದಷ್ಟು ಖುಷಿಯಾಯಿತು. "ಯಾವಾಗ ನೋಡಿದ್ರೂ ಆಕಿ ಮಾತ ಕೇಳತಿದ್ದಿ, ಈಗ ಆಕೀನ್ನ ಕೇಳು, ಹೆಂಗ ಎತ್ತೂದು ಅಂತ," ಅಂದೆ.

ಹನ್ನೊಂದೂವರೆ ಸುಮಾರಿಗೆ ಗದ್ದೆಯ ಆಚೆಯಿಂದ ಒಬ್ಬ ಗಟ್ಟಿ ಮುದುಕ ಟ್ರ್ಯಾಕ್ಟರ್ ತಂದ. ಹಗ್ಗ ಕಟ್ಟುತ್ತ ಬಯ್ದ.

"ಯಾರ್ರೀ ನಿಮ್ಮನ್ನ ಈ ಹಾದ್ಯಾಗ ಕಳಿಸಿದವ್ರು? ಕೋಡಿ ಹರಿಯೂ ಜಾಗಾ ಇದು. ದನಾನೂ ಇಲ್ಲಿ ಬರೂದಿಲ್ಲ."

ಮಗ ನನ್ನ ಕೈಯಲ್ಲಿದ್ದುದನ್ನು ತೋರಿಸಿದ. ಮುದುಕ ಅದನ್ನು ನೋಡಿದ, ಆಮೇಲೆ ಹಿಡಿದವಳನ್ನು ನೋಡಿದ. ಕಣ್ಣು ಸಣ್ಣದು ಮಾಡಿದ.

"ಅಲ್ಲಬೇ, ನೀ ಕುಬಿಹಾಳದ ಆಳಿನ ಗುಂಪಿನಾಕಿ ಹೌದಿಲ್ಲ? ನಮ್ಮ ಗದ್ದಿಗೆ ಸಸಿ ಹಚ್ಚಾಕ ಬರತಿದ್ದಿ! ಇದ ಕೋಡ್ಯಾಗ ಸಸಿ ಬುಟ್ಟಿ ಹೊತ್ತು ಸೊಂಟದ ಮಟಾ ಹುಗದ ನಿಂತಿದ್ದಿ. ನಾಕ ಮಂದಿ ಎಳದ ತಗದಿದ್ವಿ ನಿನ್ನ. ನೀ ಗಾಡ್ಯಾಗ ಇದ್ದೂ ಇವ್ರು ಇಲ್ಲಿ ಹೆಂಗ ಬಂದ್ರು?"

ಅವನು ನಗುತ್ತಲೇ ಹೇಳಿದ್ದು. ಬೇರೆ ಯಾರೂ ನಗಲಿಲ್ಲ. ಮಗ ನನ್ನ ಹತ್ತಿರ ಬಂದು ನಿಂತ. ಮೊಣಕಾಲ ತನಕ ರಾಡಿ.

"ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

"ಕೇಳಿದ್ನಲ್ಲ ನಾ."

"ಕೇಳಿದಿ. ಹೇಳಲಿಲ್ಲ." ಸುಮ್ಮನಿದ್ದರೆ ಸಾಕಿತ್ತು, ನನ್ನ ಬಾಯಿ ನಿಲ್ಲಲಿಲ್ಲ. "ಆಕಿ ತಪ್ಪ ಹಾದಿ ಹೇಳಿದ್ಲು, ಆಕೀಗೆ ಏನೂ ಅನ್ನೂದಿಲ್ಲ ನೀ?"

"ಅದಕ್ಕ ಗೊತ್ತಿರಲಿಲ್ಲ ಬೇ," ಅಂದ. "ನಿನಗ ಗೊತ್ತಿತ್ತು."

ಅಷ್ಟೇ. ಕೂಗಲಿಲ್ಲ. ನನ್ನ ಕೈಯಿಂದ ಟ್ಯಾಬ್ ತೆಗೆದುಕೊಂಡು, ಅಂಗಿಯ ಒಣಗಿದ ಭಾಗಕ್ಕೆ ಅದರ ಗಾಜು ಒರೆಸಿ ಸೊಸೆಯ ಕೈಗೆ ಕೊಟ್ಟ. ಒಂದು ಗಂಟೆಯ ಹಿಂದೆ ಬಯ್ದದ್ದನ್ನು ಅವನು ಒರೆಸಿದ ರೀತಿ ನೋಡಿ ನನ್ನ ಹೊಟ್ಟೆಯಲ್ಲಿ ಮತ್ತೆ ಉರಿ ಎದ್ದಿತು. ಅಂಥ ಹೊತ್ತಿನಲ್ಲೂ ಎದ್ದಿತು. ನಾಚಿಕೆ ಅನ್ನುವುದು ಆಮೇಲೆ ಬಂತು.

ಸೊಸೆ ಅಂದಳು, "ಮಷೀನಿನ ಮ್ಯಾಲಿನ ಸಿಟ್ಟ ನನ್ನ ಮಗಳ ಮ್ಯಾಲೆ ತೀರಿಸ್ಕೊಂಡ್ರಿ ಅತ್ತಿ."

ಟ್ರ್ಯಾಕ್ಟರ್ ಗಾಡಿಯನ್ನು ಎಳೆದು ತೆಗೆದ ಮೇಲೆ, ಸಾಲೆಯ ಹಿಂದಿನ ಹಾದಿ ಸುತ್ತಿ ಬಮ್ಮಿಗಟ್ಟಿ ಮುಟ್ಟಿದಾಗ ಒಂದು ಗಂಟೆ. ವೇಳೆ ಮೀರುತ್ತದೆಂದು ಬೀಗತಿ ತಮ್ಮ ಮನೆಯ ಸೀರೆ ಉಡಿಸಿ ಆರತಿ ಮುಗಿಸಿದ್ದಳು. ಅವರದೇನೂ ತಪ್ಪಿಲ್ಲ. ಮೊಮ್ಮಗಳು ಕೆಂಪು ಅಂಚಿನ ಬೇರೆ ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಸೊಸೆ ತಂದ ಸೀರೆಯನ್ನು ಮಡಿಕೆ ಬಿಚ್ಚದೆ ಉಡಿಯಲ್ಲಿಟ್ಟರು. ತಾನು ಹೊಲಿದ ಕುಬಸವನ್ನು ಅದರ ಮೇಲಿಟ್ಟು ಸೊಸೆ ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಗೋಡೆಗೆ ಆತು ಕೂತಿದ್ದೆ. ಮೊಮ್ಮಗಳು ಕರೆದಳು.

"ಆಯೀ, ಯಾಕ ಇಷ್ಟ ಹೊತ್ತಾತು? ಅಪ್ಪಾ ಗಾಡಿ ಸಿಕ್ಕೊಂಡಿತ್ತು ಅಂದ್ರು."

"ನನ್ನಿಂದ ಆತು," ಅಂದೆ. ಏನಾಯಿತೆಂದು ಹೇಳಿದೆ. ಎಲ್ಲ ಹೇಳಿದೆ, ಟ್ಯಾಬಿನ ಮೇಲೆ ಹೊಟ್ಟೆಕಿಚ್ಚು ಇತ್ತೆಂಬುದನ್ನೂ.

ಅವಳು ಹೋಳಿಗೆ ತಿನ್ನುತ್ತಿದ್ದವಳು ನಿಲ್ಲಿಸಿದಳು. "ಡಬ್ಬಿ ಮ್ಯಾಲೆ ಹೊಟ್ಟಿಕಿಚ್ಚೇನ ಆಯಿ? ಅದಕ್ಕ ಜೀವಾ ಇಲ್ಲ."

"ಜೀವಾ ಇದ್ದಿದ್ರ ಜಗಳಾ ಆಡತಿದ್ನಿ. ಇಲ್ಲಂತನ ತ್ರಾಸು."

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಅವ್ವ ಹೊಲದದ್ದು ನಾ ಮೊದಲ ಹಾಕ್ಕೋಬೇಕಿತ್ತು," ಅಂದಳು. ಅಷ್ಟು ಹೇಳಿ ಹೋಳಿಗೆ ತಿಂದು ಮುಗಿಸಿದಳು. ಬಸುರಿ, ಹಸಿವೆ ಇರುತ್ತದೆ.

ಒಂಬತ್ತು ತಿಂಗಳಿಗೆ ಬಿದ್ದ ಮೇಲೆ ಮೊಮ್ಮಗಳನ್ನು ಹೆರಿಗೆಗೆಂದು ಕರೆತರಲು ಹೋದೆವು. ಅವಳಿಗೆ ಕಾಲು ಚಾಚಲು ಬೇಕೆಂದು ಮುಂದಿನ ಸೀಟು ಕೊಟ್ಟರು. ನಾನು ಹಿಂದೆ, ಸೊಸೆಯ ಬಾಜೂಕಿಗೆ. ಗಾಜಿಗೆ ಹೊಸ ಸ್ಟ್ಯಾಂಡು ಬಂದಿತ್ತು. ಟ್ಯಾಬಿನವಳು ಅದರಲ್ಲಿ ಕೂತು ಹೇಳುತ್ತ ಹೋದಳು, ಮಗ ತಿರುಗಿಸುತ್ತ ಹೋದ. ಐದು ತಿರುವುಗಳನ್ನು ಎಣಿಸಿದೆ. ಐದರಲ್ಲೂ ಅವನ ಕೈ ತಾನಾಗಿ ತಿರುಗಿತು.

ಕುಂದಗೋಳಕ್ಕೆ ಇನ್ನೂ ಹತ್ತು ಮೈಲಿ ಇರುವಾಗ ಅವಳು ಬಲಕ್ಕೆ ಒಂದು ಹತ್ತಿರದ ಹಾದಿ ಹೇಳಿದಳು. ಹಿಂದಿನ ದಿನ ಆ ಕಡೆ ಜೋರು ಮಳೆಯಾಗಿತ್ತು. ಆ ಹಾದಿಯಲ್ಲಿ ಹಳ್ಳ ದಾಟಲು ಕಟ್ಟಿದ ತಗ್ಗು ಒಡ್ಡಿದೆ, ಮಳೆಯಾದರೆ ಅದರ ಮೇಲೆ ನೀರು ನಿಲ್ಲುತ್ತದೆ. ನಾನು ಹಿಂದಿನಿಂದ ಅವನ ಭುಜ ತಟ್ಟಿದೆ.

"ಆ ಹಾದಿ ಬ್ಯಾಡ. ಒಡ್ಡಿನ ಮ್ಯಾಲೆ ನೀರ ಇರತಾವು. ಸೀದಾ ನಡಿ."

ಮಗ ಗಾಡಿ ನಿಲ್ಲಿಸಿದ. ಕನ್ನಡಿಯಲ್ಲಿ ನನ್ನ ಮುಖ ನೋಡಿದ.

"ಖರೇ ಹೇಳಾಕತ್ತೀಯೋ, ಇಲ್ಲಾ ಆಕಿ ಮ್ಯಾಲಿನ ಸಿಟ್ಟಿಗೋ?"

"ಖರೇ ಹೇಳಾಕತ್ತೀನಿ."

ಅವನು ಬಾಗಿಲು ತೆರೆದು ಇಳಿದ. ಬಸುರಿ ಮಗಳನ್ನು ಗಾಡಿಯಲ್ಲೇ ಬಿಟ್ಟು ಆ ಬಲಗಡೆಯ ಹಾದಿಯಲ್ಲಿ ಒಡ್ಡಿನ ತನಕ ನಡೆದುಕೊಂಡು ಹೋದ. ಸೊಸೆ ಹೊರಗೆ ನೋಡುತ್ತ ಕೂತಳು. ಅವನು ತಿರುಗಿ ಬರುವುದು ಕಂಡಿತು. ಪ್ಯಾಂಟು ಮೊಣಕಾಲ ತನಕ ತೊಯ್ದಿತ್ತು. ಕೂತು ಗಾಡಿಯನ್ನು ಸೀದಾ ಬಿಟ್ಟ.

ನಾನು ಹೇಳಿದ್ದು ನಿಜವಾಗಿತ್ತು. ಅವಳು ಹೇಳಿದ ಐದಕ್ಕೆ ಅವನು ಇಳಿದು ನೋಡಲಿಲ್ಲ, ನಾನು ಹೇಳಿದ ಒಂದಕ್ಕೆ ಇಳಿದು ನೋಡಿದ.